ಹನ್ನೆರಡು ಅಡಿ

ಅದರ ಹೆಸರು ನಮ್ಮೂರಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ.
ಗುಂಡು ಹಡಗಿನ ಪಿಚ್ಚರ್ ಅಂದರೆ ಸಾಕು,
ಜಟಕಾದವನು ಮರುಮಾತಿಲ್ಲದೆ
ನಮ್ಮ ಟಾಕೀಸಿನ ಮುಂದೆ ಇಳಿಸುತ್ತಿದ್ದ.
ನಮ್ಮ ಅಂದರೆ, ಅಪ್ಪ ಅಲ್ಲಿ ಗೇಟ್‌ಕೀಪರ್,
ನಾನು ಒಂಬತ್ತು ವರ್ಷದ ಬಿಟ್ಟಿ ಟಿಕೆಟ್ಟು.

ಗಾಂಧಿ ಕ್ಲಾಸಿನಲ್ಲಿ ಕೂತರೆ ಬರೀ ಬೀಡಿ ಹೊಗೆ ಕಾಣುತ್ತದೆಂದು
ಆಪರೇಟರ್ ದಸ್ತಗೀರ್ ಮಾಮ ಕ್ಯಾಬಿನ್ನಿಗೆ ಕರೆದ,
ರೀಲಿನ ಡಬ್ಬಿ ಬೋರಲು ಹಾಕಿ ಮೇಲೆ ನಿಲ್ಲಿಸಿದ.
ಎರಡನೇ ಕಿಂಡಿ ನನ್ನದು.
ಆ ಕಿಂಡಿಯಷ್ಟೇ ಅಗಲ ಇತ್ತು ಆಕಾಶ.
ಸಾಕಾಗಿತ್ತು.

ಇಂಗ್ಲಿಷ್ ನನಗೆ ಬಾರದು. ಮಾಮನಿಗೂ ಬಾರದು.
ಆದರೂ ಹೇಳುತ್ತಿದ್ದ, ಕಾರ್ಬನ್ ಕಡ್ಡಿ ಸರಿಸುತ್ತ,
ಕತ್ತಿನ ಬೆವರು ಒರೆಸುತ್ತ.
ಕಪ್ತಾನ ಹಲ್ಲು ಕಚ್ಚಿದರೆ,
"ಮಿಲ್ಲು ಲಾಕೌಟ್ ಆಗೈತೆ ಅಂತಾನೆ."
ಉದ್ದ ಕತ್ತಿನ ಜೀವ ಗೊರಗುಟ್ಟಿದರೆ,
"ಬಾಕಿ ಸಂಬಳ ಕೇಳ್ತೈತೆ, ಪಾಪ."

ಕೊನೆಯ ರೀಲು. ಹಡಗು ಉರಿಯುತ್ತಿದೆ.
ಬಾಗಿಲ ಗುಂಡಿಯ ಮೇಲೆ ಕೈಯಿಟ್ಟು
ಕಪ್ತಾನ ಏನೋ ಅಂದ.
"ಏನಂದ ಮಾಮ?"
"ಬಾಗಿಲು ಹಾಕಬ್ಯಾಡ, ಇನ್ನೊಬ್ರು ಬರೋದೈತೆ ಅಂದ."
ಪರದೆ ಒಮ್ಮೆ ಕುಪ್ಪಳಿಸಿತು.
ಆಮೇಲೆ ಚುಕ್ಕಿ, ಬರೀ ಚುಕ್ಕಿ.

ಎರಡನೇ ಭಾಗ ಬಂದಾಗ ಮೈನೆರೆದಿದ್ದೆ, ಅವ್ವ ಬಿಡಲಿಲ್ಲ;
ಟಾಕೀಸಿನ ಹಿತ್ತಲ ಗೋಡೆಗೆ ಕಿವಿಯಿಟ್ಟು
ಸದ್ದನ್ನಷ್ಟೇ ನೋಡಿದೆ.
ಮೂರನೆಯದು ಕೆಟ್ಟದಾಗಿತ್ತು, ಈಗಲೂ ಹೇಳುತ್ತೇನೆ,
ಬೇರೆಯವರು ಹೇಳಿದರೆ ಮಾತ್ರ ಜಗಳಕ್ಕೆ ನಿಲ್ಲುತ್ತೇನೆ.
ನಾಲ್ಕರಲ್ಲಿ ಕಪ್ತಾನನೇ ಬದಲಾದ.
ಎರಡು ದಿನ ತುತ್ತು ಇಳಿಯದೆ ಕೂತವಳನ್ನು ಕಂಡು
"ಯಾರ್ ಹೋದ್ರವ್ವ?" ಅಂದಳು ಪಕ್ಕದ ಮನೆಯ ಕೊಟ್ರವ್ವ.
ಐದಕ್ಕೆ ಮಗಳು ಹೊಟ್ಟೆಯಲ್ಲಿದ್ದಳು;
ಗ್ರಹ ಸಿಡಿದಾಗ ಒದ್ದಳು.
ಆರರ ಹೊತ್ತಿಗೆ ಟಾಕೀಸು ಕಲ್ಯಾಣ ಮಂಟಪ,
ಕ್ಯಾಬಿನ್ನಿನಲ್ಲಿ ಅನ್ನದ ಹಂಡೆ.

ಇಪ್ಪತ್ತಾರು ವರ್ಷದಿಂದ ನಾನು ಕಂಡಕ್ಟರ್,
ದಾವಣಗೆರೆ–ಚನ್ನಗಿರಿ.
ಸಂತೇಬೆನ್ನೂರಿನ ತಿರುವಿನಲ್ಲಿ ಯಾರಾದರೂ ಓಡಿ ಬಂದರೆ,
ಕೋಳಿಬುಟ್ಟಿಯ ಮುದುಕಿ, ಒಂದೇ ಚಪ್ಪಲಿಯ ಹುಡುಗ,
ಸೀಟಿ ತುಟಿಯಲ್ಲೇ ನಿಲ್ಲುತ್ತದೆ.
ಡ್ರೈವರ್ ರುದ್ರೇಶಪ್ಪ ಸ್ಟೇರಿಂಗಿಗೆ ಬೈಯುತ್ತಾನೆ.
ತಡವಾದದ್ದಕ್ಕೆ ಎರಡು ಮೆಮೊ ಬಂದಿವೆ.
ಕಾರಣ ಎಂಬ ಖಾಲಿ ಗೆರೆಯ ಮೇಲೆ
ಕಪ್ತಾನನ ಆಜ್ಞೆ ಅಂತ ಬರೆಯಲಾಗುತ್ತದೆಯೆ?

ಹೋದ ತಿಂಗಳು ಮಗಳು ಮೊಬೈಲಿನಲ್ಲಿ
ಮೊದಲನೆಯದನ್ನು ಹಾಕಿದಳು,
ಕನ್ನಡ ಮಾತಾಡುತ್ತಾನಂತೆ ಈಗ.
ಅಂಗೈಯಗಲದ ಆಕಾಶ, ಮತ್ತೆ ಕಿಂಡಿಯಷ್ಟೇ.
ಉರಿಯುವ ಹಡಗು. ಗುಂಡಿಯ ಮೇಲೆ ಕೈ.
ಇಸ್ತ್ರಿ ಮಾಡಿದ ಕನ್ನಡದಲ್ಲಿ ಕಪ್ತಾನ ಅಂದ:
"ಬಾಗಿಲು ಮುಚ್ಚಿ. ಇನ್ನು ಯಾರೂ ಬರುವುದಿಲ್ಲ."
ಮುಚ್ಚಿತು.
ನಾನೆಂದೂ ನೋಡಿರದ ಎಂಟು ಸೆಕೆಂಡು.
ಗಾಜಿನಾಚೆ ಒಂದು ಕೈ, ಬಡಿಯುತ್ತ.

ಭಾನುವಾರ ಮಂಡಕ್ಕಿ ಭಟ್ಟಿಯ ಓಣಿಗೆ ಹೋದೆ.
ಮಾಮನಿಗೆ ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಹೋಗಿದೆ.
ಕಟ್ಟೆಯ ಮೇಲೆ ಕೂತು ಮಂಡಕ್ಕಿಗೆ ಮಿರ್ಚಿ ಮುರಿಯುತ್ತಿದ್ದ.
ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ:
"ಆ ಬಾಗಿಲು ಮುಚ್ಚಿತ್ತಂತೆ ಮಾಮಾ! ಎಂಟು ಸೆಕೆಂಡು!"
"ಹನ್ನೆರಡು ಅಡಿ," ಅಂದ, ತಲೆಯೆತ್ತದೆ.
ಪ್ರಿಂಟು ಬಂದಾಗಲೇ ಹರಿದಿತ್ತು ಅಂದ,
ಎಷ್ಟು ಊರು ಸುತ್ತಿತ್ತೋ ಏನೋ ಅಂದ.
ಒಂದು ಮಿರ್ಚಿ ಮುಗಿಸಿ, ಕೈ ಝಾಡಿಸಿ,
"ಆ ವಾರ ಕೆಳಗೆ ಕೂತೋರೆಲ್ಲ ಮಿಲ್ಲಿನ ಹುಡುಗ್ರಲ್ಲವ್ವ," ಅಂದ.
"ಗೇಟ್ ಹಾಕಿದ್ರಲ್ಲ ಅವರಿಗೆ."
ಬೇರೇನೂ ಹೇಳಲಿಲ್ಲ. ಪೊಟ್ಟಣ ನನ್ನ ಕಡೆ ಸರಿಸಿದ.

ಏಳನೆಯದು ಬರುವ ಶುಕ್ರವಾರ.
ಹಳೇ ಕಪ್ತಾನ ವಾಪಸು ಬರುತ್ತಾನಂತೆ, ಬಿಳಿಗಡ್ಡ ಬಿಟ್ಟು.
ರಜೆ ಬರೆದು ಕೊಟ್ಟಾಗಿದೆ, ಎರಡು ಟಿಕೆಟ್ ಮಾಡಿಸಿದ್ದಾಗಿದೆ.
ಮಾಮನ ಬಲಗಿವಿಯ ಪಕ್ಕದ ಸೀಟು ನನ್ನದು.
ಕಪ್ತಾನ ಏನು ಬೇಕಾದರೂ ಅನ್ನಲಿ.